14 ತಿಂಗಳು ಮಾರಾಟಕ್ಕಿದ್ದ ನಮ್ಮ ಮನೆ

ಮನೆ ನೋಡೋಕೆ ಮೊದಲನೇ ಸಲ ಜನ ಬರ್ತಾರೆ ಅಂತ ಗೊತ್ತಾದ ದಿನ ನಾನು ಬೆಳಗ್ಗೆ 5 ಗಂಟೆಗೇ ಎದ್ದು ಕಿಟಕಿ ಗಾಜೆಲ್ಲ ಒರೆಸಿ, ಬಾತ್‌ರೂಮಿನ ನಲ್ಲಿಗಳನ್ನ ಹೊಳಪು ಬರೋ ತನಕ ಉಜ್ಜಿ, ಅತ್ತೆ ರೂಮಲ್ಲಿದ್ದ ಔಷಧಿ ಡಬ್ಬಿಗಳನ್ನೆಲ್ಲ ಬೀರು ಒಳಗೆ ತಳ್ಳಿ, ಮಗಳಿಗೆ ಇವತ್ತೊಂದಿನ ಪುಸ್ತಕ ಹರಡ್ಬೇಡ ಕಣೇ ಅಂತ ಬೇಡ್ಕೊಂಡು, ಅಷ್ಟೆಲ್ಲ ಆದ್ಮೇಲೆ ಅವರು ಬಂದು 7 ನಿಮಿಷ ಇದ್ದು ಹೋದ್ರು. ಗಡಿಯಾರ ನೋಡಿದ್ದೆ. ಹೋಗ್ತಾ "ಚೆನ್ನಾಗಿದೆ, ಫೋನ್ ಮಾಡ್ತೀವಿ" ಅಂದ್ರು. ಎರಡು ದಿನ ಫೋನ್ ಕೈಲೇ ಇಟ್ಕೊಂಡು ಓಡಾಡಿದೆ. ಮಾಡ್ಲಿಲ್ಲ. ಆಮೇಲೆ ಹಾಗೆ ಬಂದು ಹೋದವರ ಲೆಕ್ಕವನ್ನ ಒಂದು ನೋಟ್‌ಬುಕ್ಕಲ್ಲಿ ಬರೆದಿಡ್ತಾ ಹೋದೆ, ಕೊನೆಗೆ ಮನೆ ತಗೊಂಡವರು ಅದರಲ್ಲಿ 31ನೇಯವರು, ಅಷ್ಟೊತ್ತಿಗೆ ಮಾರಾಟಕ್ಕಿಟ್ಟು 13 ತಿಂಗಳು ಕಳೆದಿತ್ತು, ಬೀಗದಕೈ ಕೊಡೋ ಹೊತ್ತಿಗೆ 14.

ಏನೇನಾಯ್ತು ಅಂತ ಪೂರ್ತಿ ಬರೀತೀನಿ, ಯಾಕಂದ್ರೆ ಕೊಳ್ಳೋರು ಕಮ್ಮಿ ಇರೋ ಟೈಮಲ್ಲಿ ಮನೆ ಮಾರೋಕೆ ಹೊರಟವರಿಗೆ ಈ ವಿಷಯ ಯಾರಾದ್ರೂ ಮುಂಚೆನೇ ಹೇಳ್ಬೇಕು ಅಂತ ನನಗೆ ನಿಜವಾಗ್ಲೂ ಅನ್ಸುತ್ತೆ, ನಮಗೆ ಒಬ್ರು ಹೇಳಿದ್ರು, ನಾವು ಕೇಳಲಿಲ್ಲ. ದುಡ್ಡಿನ ಮೊತ್ತ ಹೇಳಲ್ಲ, ಅದು ಊರಿಂದ ಊರಿಗೆ ಬೇರೆ. ನಾವು ಮೊದಲು ಕೇಳಿದ ಬೆಲೆ 100 ಅಂತ ಇಟ್ಕೊಳ್ಳಿ, ಮಿಕ್ಕಿದ್ದೆಲ್ಲ ಆ ಲೆಕ್ಕದಲ್ಲೇ ಹೇಳ್ತೀನಿ.

ನಮ್ಮನೆಯವರಿಗೆ ಬೇರೆ ಊರಿಗೆ ಟ್ರಾನ್ಸ್‌ಫರ್ ಆಯ್ತು, ವಾಪಸ್ ಬರೋ ಮಾತಿಲ್ಲ ಅಂತಾನೂ ಗೊತ್ತಾಯ್ತು. ಮನೆ ತಗೊಂಡು 9 ವರ್ಷ ಆಗಿತ್ತು. ನಾವು ತಗೊಂಡಾಗ ಮಾರ್ಕೆಟ್ ಏರಿ ನಿಂತಿತ್ತು, ಸಿಕ್ಕಿದ್ದೇ ಪುಣ್ಯ ಅನ್ನೋ ಹಾಗೆ ಓಡಿ ಹೋಗಿ ಕೇಳಿದ ಬೆಲೆಗೇ ತಗೊಂಡಿದ್ವಿ. ಆಮೇಲೆ ಅಡುಗೆಮನೆ ಹೊಸದಾಗಿ ಮಾಡಿಸಿದ್ವಿ, ನೆಲ ಬದಲಾಯಿಸಿದ್ವಿ, ಟೆರೇಸಿಗೆ ವಾಟರ್‌ಪ್ರೂಫಿಂಗ್ ಹಾಕಿಸಿದ್ವಿ. ಕೊಂಡ ಬೆಲೆ, ಈ ಖರ್ಚು ಎಲ್ಲ ಕೂಡಿಸಿದ್ರೆ 97 ಆಗ್ತಿತ್ತು. ಬ್ಯಾಂಕ್ ಸಾಲ ಇನ್ನೂ ಅರ್ಧಕ್ಕೆ ಹತ್ರ ಬಾಕಿ. ನಮ್ಮನೆಯವರು ಮೊದಲನೇ ದಿನವೇ ಹೇಳಿದ ಮಾತು, "ಹಾಕಿದ್ದಕ್ಕಿಂತ ಕಮ್ಮಿಗೆ ಕೊಡಲ್ಲ ಕಣೇ, ಅಷ್ಟು ಮಾತ್ರ ಖಂಡಿತ." ನಾನೂ ಸರಿ ಅಂದೆ. ಅದು ಎಷ್ಟು ಸಹಜವಾದ ಮಾತು ಅನ್ಸಿತ್ತು ಅಂದ್ರೆ ಅದರ ಬಗ್ಗೆ ಆಮೇಲೆ ಎಷ್ಟೋ ತಿಂಗಳು ನಾವು ಮಾತೇ ಆಡ್ಲಿಲ್ಲ.

ಮೂರು ಜನ ಬ್ರೋಕರ್‌ಗಳನ್ನ ಕರೆಸಿದ್ವಿ. ಮೊದಲನೆಯವರು ಸುತ್ತ ನೋಡಿ 95 ಅಂದ್ರು. ಎರಡನೆಯವರು ಒಬ್ರು ವಯಸ್ಸಾದವರು, ಟೆರೇಸಿಗೂ ಹತ್ತಿ ನೋಡಿ, ಕೂತ್ಕೊಂಡು, "ಅಮ್ಮಾ, ಈಗಿನ ಪರಿಸ್ಥಿತಿಲಿ 90 ಕೇಳಿ, 88ಕ್ಕೆ ಬಂದ್ರೆ ಕೊಟ್ಬಿಡಿ, ಕಾದ್ರೆ ನಿಮಗೇ ಕಷ್ಟ" ಅಂದ್ರು. ಅವರು ಹೋದ್ಮೇಲೆ ಅತ್ತೆ ಕೂಡ ಸೇರಿ ನಾವೆಲ್ಲ ಬೇಜಾರು ಮಾಡ್ಕೊಂಡ್ವಿ, ಏನಪ್ಪಾ ಇವರು ನಮ್ಮ ಮನೆಗೆ ಬೆಲೆನೇ ಇಲ್ವೇನೋ ಅನ್ನೋ ಹಾಗೆ ಮಾತಾಡಿದ್ರಲ್ಲ ಅಂತ. ಮೂರನೆಯವರು ಒಳಗೆ ಬರೋಕೆ ಮುಂಚೆನೇ "ನಿಮ್ಮ ಮನಸ್ಸಲ್ಲಿ ಎಷ್ಟಿದೆ ಸಾರ್?" ಅಂತ ಕೇಳಿದ್ರು, ನಮ್ಮನೆಯವರು 100 ಅಂದ್ರು, ಅವರು ಮನೆಯೆಲ್ಲ ನೋಡಿ "ಬರುತ್ತೆ ಸಾರ್, ಯಾಕೆ ಬರಲ್ಲ" ಅಂದ್ರು. ಕೆಲಸ ಅವರಿಗೇ ಕೊಟ್ವಿ, 6 ತಿಂಗಳು ಬೇರೆ ಯಾರಿಗೂ ಕೊಡೋ ಹಾಗಿಲ್ಲ ಅಂತ ಅಗ್ರಿಮೆಂಟಿಗೂ ಸೈನ್ ಹಾಕಿದ್ವಿ.

ಅವರು ಸುಳ್ಳು ಹೇಳಿದ್ರು ಅಂತ ನಾನು ಈಗ್ಲೂ ಹೇಳಲ್ಲ. ನನ್ನ ತಂಗಿ ಮಗ ಎಕನಾಮಿಕ್ಸ್ ಓದ್ತಾನೆ, ಅವನು ಆಮೇಲೆ ಒಂದು ಸಂಗತಿ ಹೇಳಿದ. 1987ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಅಮೆರಿಕದ ಟೂಸಾನ್ ಅನ್ನೋ ಊರಲ್ಲಿ ಒಂದೇ ಮನೆನ ಬೇರೆ ಬೇರೆ ಬ್ರೋಕರ್‌ಗಳಿಗೆ ತೋರಿಸಿ, ಕೇಳೋ ಬೆಲೆ ಮಾತ್ರ ಒಬ್ಬೊಬ್ರಿಗೆ ಒಂದೊಂದು ಬರೆದ ಹಾಳೆ ಕೊಟ್ರಂತೆ, ಹಾಳೆ ಮೇಲೆ ಜಾಸ್ತಿ ಇದ್ದವರು ಮನೆಗೆ ಜಾಸ್ತಿನೇ ಬೆಲೆ ಕಟ್ಟಿದ್ರಂತೆ, ಆದ್ರೆ ಆ ಹಾಳೆ ನೋಡಿ ಕಟ್ಟಿದ್ವಿ ಅಂತ ಒಪ್ಕೊಂಡವರು ಬಹಳ ಕಮ್ಮಿ. ಅಂದ್ರೆ ನಾವು ಬಾಗಿಲಲ್ಲೇ 100 ಅಂದಿದ್ದೇ ಆ ಮನುಷ್ಯನ ಕಣ್ಣಿಗೆ ಕಟ್ಟಿಬಿಟ್ಟಿರ್ಬೇಕು. ಬೆಲೆ ಕಟ್ಟೋಕೆ ಬಂದವರಿಗೆ ನಿಮ್ಮ ಮನಸ್ಸಲ್ಲಿರೋ ಬೆಲೆ ದಯವಿಟ್ಟು ಮೊದಲು ಹೇಳ್ಬೇಡಿ.

ಮೊದಲ ಮೂರು ವಾರ ಫೋನ್ ಚೆನ್ನಾಗೇ ಬಂತು. 9 ಪಾರ್ಟಿ ಬಂದು ನೋಡಿದ್ರು. ನಾನು ಇದು ಶುರು ಅಷ್ಟೇ, ಮುಂದೆ ಇನ್ನೂ ಜಾಸ್ತಿ ಬರ್ತಾರೆ ಅಂದ್ಕೊಂಡಿದ್ದೆ. ಆಗೋದು ಉಲ್ಟಾ. ಮನೆ ಹುಡುಕ್ತಾ ಇರೋರು ಎಷ್ಟೋ ತಿಂಗಳಿಂದ ಹುಡುಕ್ತಾನೇ ಇರ್ತಾರೆ, ಹೊಸದಾಗಿ ಒಂದು ಮನೆ ಬಂತು ಅಂದ್ರೆ ಅವರೆಲ್ಲ ಒಟ್ಟಿಗೇ ಬಂದು ನೋಡಿ ಹೋಗ್ತಾರೆ, ಅಷ್ಟು ಮುಗಿದ್ಮೇಲೆ ಮತ್ತೆ ಹೊಸಬರು ಹುಡುಕೋಕೆ ಶುರು ಮಾಡೋ ತನಕ ಬರೋರು ಅಲ್ಲೊಬ್ರು ಇಲ್ಲೊಬ್ರು. ಆ ಮೊದಲ ಗುಂಪಿಗೆ ನಮ್ಮ ಮನೆ ಕಂಡಿದ್ದು ನೂರರ ಬೆಲೆಯ ಮನೆಯಾಗಿ. ಆ ಬೆಲೆಗೆ ಅವರಿಗೆ ಇನ್ನೊಂದು ರೂಮ್ ಜಾಸ್ತಿ ಇರೋ ಮನೆಗಳು ಸಿಗ್ತಿದ್ವು.

ಎರಡನೇ ತಿಂಗಳ ಕೊನೆಗೆ ಒಂದು ಗಂಡ ಹೆಂಡತಿ ಬಂದ್ರು. ಇಬ್ಬರೂ ಮೆತ್ತಗಿನ ಜನ. ಆ ಹೆಣ್ಣುಮಗಳು ಅಡುಗೆಮನೆ ಕಿಟಕಿ ಹತ್ರ ಸುಮಾರು ಹೊತ್ತು ನಿಂತಿದ್ಲು. ಆ ಕಿಟಕಿ ಚಿಲಕ ಸುಮ್ನೆ ಎಳೆದ್ರೆ ಬೀಳಲ್ಲ, ರೆಕ್ಕೆನ ಸ್ವಲ್ಪ ಮೇಲಕ್ಕೆ ಎತ್ತಿ ಆಮೇಲೆ ತಳ್ಬೇಕು, ನಾನು ಅದನ್ನ ಬಂದವರಿಗೆಲ್ಲ ತೋರಿಸ್ತಿದ್ದೆ, ಅಭ್ಯಾಸಬಲ. ಬ್ರೋಕರ್ "ಮೇಡಂ, ಅದನ್ನ ಯಾಕೆ ತೋರಿಸ್ತೀರಾ, ಕುಂದು ನಾವೇ ಹೇಳಿದ ಹಾಗಾಗುತ್ತೆ" ಅಂತ ಎರಡು ಸಲ ಹೇಳಿದ್ರು. ಅವಳಿಗೂ ತೋರಿಸಿದೆ. ಅವಳು ತಾನೂ ಒಂದ್ಸಲ ಎತ್ತಿ ತಳ್ಳಿ ನೋಡಿ ನಕ್ಕಳು. ಮೂರು ದಿನಕ್ಕೆ ಆಫರ್ ಬಂತು. 94. ಸಾಲ ಆಗ್ಲೇ ಮಂಜೂರಾಗಿದೆ, ತಮ್ಮ ಮನೆ ಮಾರೋ ತಾಪತ್ರಯ ಇಲ್ಲ, ನಾವು ಹೇಳಿದ ತಾರೀಖಿಗೆ ತಗೋತೀವಿ ಅಂತಾನೂ ಹೇಳಿ ಕಳಿಸಿದ್ರು.

ನಾವು ಬೇಡ ಅಂದ್ವಿ. ಬೇಡ ಅಂದಿದ್ದಷ್ಟೇ ಅಲ್ಲ, ಇನ್ನೊಂದು ಬೆಲೆ ಹೇಳಿ ಮಾತು ಮುಂದುವರೆಸೋ ಕೆಲಸಾನೂ ಮಾಡ್ಲಿಲ್ಲ. 97ಕ್ಕಿಂತ ಕೆಳಗೆ ಅನ್ನೋದು ಕೇಳಿದ ತಕ್ಷಣ ನಮ್ಮನೆಯವರ ಮುಖ ಕೆಂಪಾಯ್ತು, ನನಗೂ ಒಂಥರಾ ಅವಮಾನ ಆದ ಹಾಗಾಯ್ತು, ಅಷ್ಟು ಚೆನ್ನಾಗಿ ಇಟ್ಕೊಂಡಿರೋ ಮನೆ, ಆ ಅಡುಗೆಮನೆ ಮಾಡಿಸೋಕೆ ಎಷ್ಟು ವರ್ಷ ದುಡ್ಡು ಕೂಡಿಟ್ಟಿದ್ವಿ, ಅದಕ್ಕೆಲ್ಲ ಲೆಕ್ಕವೇ ಇಲ್ವಾ ಅಂತ. ಅವರು ಒಂದು ವಾರ ಕಾದು ಬೇರೆ ಕಡೆ ಮನೆ ತಗೊಂಡ್ರು. ನಾನು ಆಗ ಪರವಾಗಿಲ್ಲ ಬಿಡು, ಎರಡೇ ತಿಂಗಳಿಗೆ 94 ಬಂದಿದೆ ಅಂದ್ರೆ ಇನ್ನು ಸ್ವಲ್ಪ ಕಾದ್ರೆ 98 ಬರುತ್ತೆ ಅಂದ್ಕೊಂಡೆ.

ಇದರ ಬಗ್ಗೆನೂ ತಂಗಿ ಮಗನೇ ಹೇಳಿದ್ದು. ಡೇವಿಡ್ ಜೆನೆಸೋವ್ ಮತ್ತೆ ಕ್ರಿಸ್ಟೋಫರ್ ಮೇಯರ್ ಅಂತ ಇಬ್ರು ಎಕನಾಮಿಕ್ಸ್‌ನವರು 1990ರಿಂದ 1997ರ ತನಕ ಅಮೆರಿಕದ ಬಾಸ್ಟನ್ ಪೇಟೆಯ ಫ್ಲ್ಯಾಟ್‌ಗಳ ಮಾರಾಟ ಲೆಕ್ಕ ಹಾಕಿ 2001ರಲ್ಲಿ ಪ್ರಕಟಿಸಿದ್ರಂತೆ. ಅಲ್ಲೂ ಬೆಲೆ ಏರಿ ಬಿದ್ದ ಕಾಲ ಅದು. ಕೊಂಡಿದ್ದಕ್ಕಿಂತ ಕಮ್ಮಿಗೆ ಮಾರ್ಬೇಕಾಗಿ ಬಂದವರು, ಕೊಂಡ ಬೆಲೆಗೂ ಈಗ ಸಿಗಬಹುದಾದ ಬೆಲೆಗೂ ಇರೋ ಅಂತರ ಇದ್ಯಲ್ಲ, ಅದರಲ್ಲಿ ನೂರಕ್ಕೆ 25ರಿಂದ 35ರಷ್ಟನ್ನ ಕೇಳೋ ಬೆಲೆ ಮೇಲೆ ಹೇರ್ತಿದ್ರಂತೆ. ಹಂಗೆ ಹೇರಿದ್ದಕ್ಕೆ ಕೊನೆಗೆ ಸಿಕ್ಕಿದ್ದು ಅದೇ ಅಂತರದ ನೂರಕ್ಕೆ 3ರಿಂದ 18ರಷ್ಟು. ಸ್ವಲ್ಪ ಸಿಗುತ್ತೆ, ಇಲ್ಲ ಅಂತಲ್ಲ, ಆದ್ರೆ ಅಂಥ ಮನೆಗಳು ಮಾರಾಟ ಆಗೋಕೆ ಬೇರೆಯವಕ್ಕಿಂತ ಜಾಸ್ತಿ ದಿನ ಹಿಡೀತಿತ್ತು. "ದೊಡ್ಡಮ್ಮಾ, ನೀವು ಎಷ್ಟಕ್ಕೆ ತಗೊಂಡ್ರಿ ಅನ್ನೋದು ಕೊಳ್ಳೋರಿಗೆ ಗೊತ್ತೂ ಇರಲ್ಲ, ಬೇಕಾಗೂ ಇಲ್ಲ" ಅಂದ ಅವನು. ನನಗೆ ಅವತ್ತು ಆ ಮಾತು ಚುಚ್ಚಿತು. ಆದ್ರೆ ಅವನು ಹೇಳಿದ್ದು ನಿಜ. ನಾವು 97, 97 ಅಂತ ಜಪ ಮಾಡ್ತಿದ್ದ ಆ ನಂಬರ್ ನಮ್ಮಿಬ್ರ ತಲೆ ಬಿಟ್ರೆ ಪ್ರಪಂಚದಲ್ಲಿ ಬೇರೆ ಎಲ್ಲೂ ಇರ್ಲಿಲ್ಲ.

ಮೂರನೇ ತಿಂಗಳಲ್ಲಿ ಒಬ್ರೇ ಒಬ್ರು ಬಂದ್ರು. ನಾಲ್ಕನೇ ತಿಂಗಳು ಬೆಲೆ 98 ಮಾಡಿದ್ವಿ. ಯಾರಿಗೂ ಗೊತ್ತೇ ಆಗ್ಲಿಲ್ಲ. ಆರನೇ ತಿಂಗಳು 96. ಆಗ್ಲೂ ಅಷ್ಟೇ. ಜನ ಹುಡುಕೋದು ಇಷ್ಟರಿಂದ ಇಷ್ಟರೊಳಗೆ ಅಂತ ದುಂಡು ಮೊತ್ತ ಹಾಕಿ, ನಾವು ಎರಡೆರಡೇ ಇಳಿಸಿದ್ರೆ ಅದೇ ಗುಂಪಿನವರ ಕಣ್ಣಿಗೇ ಬೀಳ್ತೀವಿ, ಕೆಳಗಿನ ಗುಂಪಿನವರ ಕಣ್ಣಿಗೆ ಬೀಳೋದೇ ಇಲ್ಲ. ಅದರ ಮೇಲೆ ಹಳೆಯದಾದ ಜಾಹೀರಾತು, ಎರಡು ಸಲ ಇಳಿದ ಬೆಲೆ, ಇದನ್ನ ನೋಡಿದವರು ಬಾಗಿಲಲ್ಲೇ ಕೇಳ್ತಿದ್ರು, "ಇಷ್ಟು ದಿನ ಯಾಕೆ ಹೋಗಿಲ್ಲ? ಏನಾದ್ರೂ ತೊಂದರೆ ಇದ್ಯಾ?" ತೊಂದರೆ ಏನೂ ಇರ್ಲಿಲ್ಲ. ಆದ್ರೆ ಇಲ್ಲ ಇಲ್ಲ ಅಂತ ನಾವು ಹೇಳಿದಷ್ಟೂ ಅವರ ಅನುಮಾನ ಜಾಸ್ತಿ ಆಗ್ತಿತ್ತು.

ಆ ತಿಂಗಳುಗಳು ಹೇಗಿದ್ವು ಅಂತ ಹೇಳೋದು ಕಷ್ಟ. ನಮ್ಮನೆಯವರು ಆ ಊರಲ್ಲಿ ಬಾಡಿಗೆ ಮನೇಲಿ ಒಬ್ರೇ, ನಾನು ಅತ್ತೆ ಮಗಳು ಇಲ್ಲಿ. ಮನೆ ನಮ್ಮದೇ, ಆದ್ರೆ ನಮ್ಮ ಮನೇಲಿ ನಾವೇ ಬೇರೆಯವರ ಮನೇಲಿದ್ದ ಹಾಗೆ ಇರ್ಬೇಕು. ಯಾವಾಗ ಫೋನ್ ಬಂದು ಇನ್ನರ್ಧ ಗಂಟೇಲಿ ಬರ್ತಾರೆ ಅಂತಾರೋ ಗೊತ್ತಿಲ್ಲ, ಅದಕ್ಕೆ ಬಟ್ಟೆ ಒಣಗಿಸೋಕೂ ಯೋಚನೆ ಮಾಡ್ಬೇಕು. ಅತ್ತೆಗೆ ಮಧ್ಯಾಹ್ನ ಮಲಗೋ ಅಭ್ಯಾಸ, ಎಷ್ಟೋ ಸಲ ಎಬ್ಬಿಸಿ ಹೊರಗೆ ಕೂರಿಸಿದ್ದೀನಿ, ಒಂದಿನ ಅವರು "ನಾನು ಇರೋದ್ರಿಂದ ಮನೆ ಹೋಗ್ತಾ ಇಲ್ವೇನಮ್ಮಾ" ಅಂದ್ಬಿಟ್ರು. ಆ ಮಾತಿಗೆ ಏನು ಉತ್ತರ ಕೊಟ್ಟೆ ಅಂತ ನೆನಪಿಲ್ಲ, ಅವರ ಪಕ್ಕ ಹೋಗಿ ಕೂತಿದ್ದು ಮಾತ್ರ ನೆನಪಿದೆ. ಶಾಲೆ ಹೊಸ ವರ್ಷ ಶುರುವಾಗೋದ್ರಿಂದ ಏಳನೇ ತಿಂಗಳಲ್ಲಿ ನಾವೂ ಸಾಮಾನು ಕಟ್ಕೊಂಡು ಹೊರಟ್ವಿ. ಎದುರು ಮನೆಯವರ ಹತ್ರ ಒಂದು ಬೀಗದಕೈ ಕೊಟ್ವಿ.

ಖಾಲಿ ಮನೆ ಬೇಗ ಸೊರಗುತ್ತೆ, ಇದನ್ನ ನಾನು ಕಣ್ಣಾರೆ ಕಂಡೆ. ಕಿಟಕಿ ತೆಗೆಯೋರಿಲ್ಲದೆ ಮುಗ್ಗಲು ವಾಸನೆ, ನೀರು ಬಿಡದೆ ಬಾತ್‌ರೂಮಿನ ಟ್ರ್ಯಾಪ್, ಅಂದ್ರೆ ಚರಂಡಿ ವಾಸನೆ ತಡೆಯೋಕೆ ನೀರು ನಿಲ್ಲೋ ಪೈಪಿನ ಬಾಗು, ಒಣಗಿ ಅಲ್ಲಿಂದ ಗಬ್ಬು ವಾಸನೆ, ಸೋಫಾ ಇದ್ದ ಜಾಗದಲ್ಲಿ ಗೋಡೆ ಬಣ್ಣ ಬೇರೆ ಥರ. ಸಾಮಾನಿಲ್ಲದ ರೂಮು ದೊಡ್ಡದಾಗಿ ಕಾಣುತ್ತೆ ಅಂದ್ಕೊಂಡಿದ್ದೆ, ಚಿಕ್ಕದಾಗಿ ಕಾಣುತ್ತೆ, ಮಂಚ ಎಲ್ಲಿ ಹಿಡಿಯುತ್ತೆ ಅಂತ ಬಂದವರಿಗೆ ಅಂದಾಜೇ ಸಿಗಲ್ಲ. ಇನ್ನೊಂದು, ನಿಮ್ಮ ಇನ್ಶೂರೆನ್ಸ್ ಪಾಲಿಸಿ ಓದಿ, ಮನೇಲಿ ಯಾರೂ ಇಲ್ದೆ ಇಷ್ಟು ದಿನ ಬಿಟ್ರೆ ಕವರ್ ಆಗಲ್ಲ ಅನ್ನೋ ಷರತ್ತು ಎಷ್ಟೋ ಪಾಲಿಸಿಗಳಲ್ಲಿ ಇರುತ್ತೆ, ನಮ್ಮದರಲ್ಲೂ ಇತ್ತು, ನಾನು ಅದನ್ನ ನೋಡಿದ್ದು ಒಂದೂವರೆ ತಿಂಗಳು ಆದ್ಮೇಲೆ.

ಎಂಟನೇ ತಿಂಗಳು ಮನೆ ಹೋಯ್ತು ಅಂತಾನೇ ಅಂದ್ಕೊಂಡ್ವಿ. ಒಂದು ಕುಟುಂಬ, ಅಜ್ಜ ಅಜ್ಜಿ ಮಕ್ಕಳು ಎಲ್ಲ ಎರಡು ಸಲ ಬಂದು ನೋಡಿ, 93ಕ್ಕೆ ಮಾತಾಯ್ತು. ನಮ್ಮನೆಯವರು 97ನ್ನ ಬಿಟ್ಟುಕೊಟ್ಟಿದ್ದು ಅವತ್ತೇ, ಒಂದು ರಾತ್ರಿಯೆಲ್ಲ ಯೋಚನೆ ಮಾಡಿ ಬೆಳಗ್ಗೆ ಎದ್ದು "ಆಯ್ತು ಹೇಳ್ಬಿಡು" ಅಂದ್ರು. ಅಡ್ವಾನ್ಸ್ ಬಂತು. ನಾವು ಆ ರಾತ್ರಿ ಮೊದಲನೇ ಸಲ ನೆಮ್ಮದಿಯಾಗಿ ಮಲಗಿದ್ವಿ. ಆಮೇಲೆ ಅವರ ಬ್ಯಾಂಕಿನಿಂದ ವ್ಯಾಲ್ಯುವೇಶನ್‌ಗೆ ಬಂದವರು ಮನೆಗೆ 88 ಅಂತ ಬರೆದ್ರು. ಬ್ಯಾಂಕು ಸಾಲ ಕೊಡೋದು ತಾನು ಕಟ್ಟಿದ ಬೆಲೆ ಮೇಲೆ, ನಾವಿಬ್ರು ಒಪ್ಪಿದ ಬೆಲೆ ಮೇಲಲ್ಲ, ಹಾಗಾಗಿ ಆ ಅಂತರ ಅವರು ಕೈಯಿಂದ ತುಂಬ್ಬೇಕಾಯ್ತು. ಅರ್ಧ ನೀವು ಇಳಿಸಿ, ಅರ್ಧ ನಾವು ಹೇಗೋ ಹೊಂದಿಸ್ತೀವಿ ಅಂದ್ರು. ನ್ಯಾಯವಾದ ಮಾತು. ನಾವು ಎರಡು ದಿನ ಟೈಮ್ ಕೇಳಿದ್ವಿ. ಆ ಎರಡು ದಿನದಲ್ಲಿ ಅವರ ಹಳೇ ಮನೆ ಕೊಳ್ಳೋಕೆ ಒಪ್ಪಿದ್ದವರು ಹಿಂದೆ ಸರಿದ್ರು, ಅಲ್ಲಿ ದುಡ್ಡು ಬರ್ದೆ ಇವರಿಗೆ ಇಲ್ಲಿ ಕೊಡೋಕಾಗಲ್ಲ, ಎಲ್ಲ ಒಂದರ ಹಿಂದೊಂದು ಬಿದ್ದೋಯ್ತು. ಆ ಮನೆಯ ಅಜ್ಜ ಫೋನ್ ಮಾಡಿ "ನಮ್ಮಿಂದ ನಿಮಗೂ ತೊಂದರೆ ಆಯ್ತಮ್ಮಾ" ಅಂದ್ರು. ಅಡ್ವಾನ್ಸ್ ಪೂರ್ತಿ ವಾಪಸ್ ಕೊಟ್ವಿ. ಇಟ್ಕೊಳ್ಳೋ ಹಕ್ಕಿದೆ ಅಂತ ಬ್ರೋಕರ್ ಹೇಳಿದ್ರು, ನಮಗಿಬ್ರಿಗೂ ಮನಸ್ಸು ಬರ್ಲಿಲ್ಲ.

ಅವತ್ತು ರಾತ್ರಿ ನಾನು ಕೂತು ಒಂದು ಲೆಕ್ಕ ಬರೆದೆ, ಅದನ್ನ ಮೊದಲನೇ ತಿಂಗಳೇ ಬರೀಬೇಕಿತ್ತು. ಈ ಮನೆ ಸಾಲದ ಬಡ್ಡಿ, ಅಲ್ಲಿನ ಬಾಡಿಗೆ, ತೆರಿಗೆ, ಇನ್ಶೂರೆನ್ಸ್, ಕರೆಂಟಿನ ಮಿನಿಮಮ್ ಬಿಲ್, ವಾರಕ್ಕೊಂದ್ಸಲ ಕಸ ಗುಡಿಸೋರಿಗೆ, ಬಸ್ಸಲ್ಲಿ ಓಡಾಡಿದ್ದು. ಎಲ್ಲ ಕೂಡಿಸಿದ್ರೆ ತಿಂಗಳಿಗೆ 0.6 ಹತ್ರ ಹೋಗ್ತಿತ್ತು, ಅದೇ ನೂರರ ಲೆಕ್ಕದಲ್ಲಿ. ನೋಡೋಕೆ ಚಿಕ್ಕದು. ಆದ್ರೆ ವರ್ಷಕ್ಕೆ 7.2. ಅಂದ್ರೆ ಒಂದು ವರ್ಷ ಕಾದು 94ರ ಬದಲು 100ಕ್ಕೇ ಮಾರಿದ್ರೂ ನಮಗೆ ನಷ್ಟವೇ. ಪೆನ್ ಕೆಳಗಿಟ್ಟು ಸುಮ್ನೆ ಕೂತೆ. ಆ ಕಿಟಕಿ ಹತ್ರ ನಕ್ಕ ಹೆಣ್ಣುಮಗಳ ಮುಖ ಕಣ್ಮುಂದೆ ಬಂತು. ನಮ್ಮನೆಯವರಿಗೆ ಹಾಳೆ ತೋರಿಸಿದೆ, ಅವರು ಎರಡು ಸಲ ಕೂಡಿಸಿ ನೋಡಿದ್ರು, ಏನೂ ಮಾತಾಡ್ಲಿಲ್ಲ. ಜಗಳ ಆಡೋ ಹಂತ ದಾಟಿ ಹೋಗಿತ್ತು. ಅದಕ್ಕೆ ಮುಂಚೆ ಆಡಿದ್ವಿ, ಬೇಕಾದಷ್ಟು, ಹೆಚ್ಚಾಗಿ ಫೋನಲ್ಲಿ.

ಹತ್ತನೇ ತಿಂಗಳು ಬ್ರೋಕರ್ ಬದಲಾಯಿಸಿದ್ವಿ. ಹೊಸಬರು ಒಬ್ರು ಮೇಡಂ, ಮಾತು ಕಮ್ಮಿ. ಬಂದವರೇ ಬೆಲೆ ಮಾತೇ ಎತ್ತದೆ ಒಂದು ಹಾಳೆ ಕೊಟ್ರು. ಹಿಂದಿನ 3 ತಿಂಗಳಲ್ಲಿ ಸುತ್ತಮುತ್ತ ನಮ್ಮಂಥ ಮನೆಗಳು ಯಾವ್ಯಾವುದು ಎಷ್ಟಕ್ಕೆ ರಿಜಿಸ್ಟರ್ ಆಗಿವೆ ಅನ್ನೋ ಪಟ್ಟಿ ಅದು. ಎಷ್ಟು ಕೇಳ್ತಿದ್ದಾರೆ ಅಂತಲ್ಲ, ಎಷ್ಟಕ್ಕೆ ಹೋಗಿದೆ ಅಂತ. ನಾವು ಇಷ್ಟು ದಿನ ಹೋಲಿಸ್ಕೊಂಡಿದ್ದು ಇನ್ನೂ ಮಾರಾಟ ಆಗದೆ ನಿಂತಿರೋ ಮನೆಗಳ ಬೆಲೆ ಜೊತೆ, ನಮ್ಮ ಹಾಗೇ ಕಾಯ್ತಾ ಇರೋರ ಆಸೆಯ ಜೊತೆ. ಅದೇ ಹಾಳೆ ಕೆಳಗೆ ಇನ್ನೊಂದು ಲೆಕ್ಕ, ಸುತ್ತ ನಮ್ಮ ಅಳತೆಯ 22 ಮನೆ ಮಾರಾಟಕ್ಕಿವೆ, ತಿಂಗಳಿಗೆ ಹೋಗೋದು 2. ಅಂದ್ರೆ ಹೊಸದಾಗಿ ಒಂದು ಮನೆನೂ ಬರ್ದೇ ಇದ್ರೂ ಇರೋವು ಖಾಲಿ ಆಗೋಕೆ 11 ತಿಂಗಳು. ಐದಾರು ತಿಂಗಳಿನಷ್ಟಿದ್ರೆ ಕೊಳ್ಳೋರು ಮಾರೋರು ಸರಿಸಮ ಅಂತಾರಂತೆ, ಅದಕ್ಕಿಂತ ಜಾಸ್ತಿ ಆದಷ್ಟೂ ಮಾತು ಕೊಳ್ಳೋರ ಕಡೆಗೆ. "ಪ್ರತಿ ತಿಂಗಳು ಈ 22ರಲ್ಲಿ ಹೋಗೋ ಆ ಎರಡರಲ್ಲಿ ನೀವೊಬ್ರಾಗ್ಬೇಕು ಮೇಡಂ, ಅದಕ್ಕೆ ತಕ್ಕ ಬೆಲೆ ಇಡೋಣ" ಅಂದ್ರು. ಇಷ್ಟು ಸರಳವಾಗಿ ಇದನ್ನ ನಮಗೆ ಯಾರೂ ಹೇಳಿರ್ಲಿಲ್ಲ. ಈ ಲೆಕ್ಕ ಯಾರು ಬೇಕಾದ್ರೂ ಮಾಡ್ಬಹುದು, ಒಂದು ಭಾನುವಾರ ಸಾಕು.

ನಮ್ಮನೆಯವರಿಗೆ ಆದ್ರೂ ಅನುಮಾನ, ಇವರಿಗೆ ಬೇಗ ಮಾರಿ ಕಮಿಷನ್ ತಗೊಂಡ್ರೆ ಸಾಕು, ನಮ್ಮ ಕಷ್ಟ ಇವರಿಗೇನು ಅಂತ. ಆ ಅನುಮಾನ ಪೂರ್ತಿ ತಪ್ಪೂ ಅಲ್ಲ. ಸ್ಟೀವನ್ ಲೆವಿಟ್, ಚಾಡ್ ಸಿವರ್ಸನ್ ಅನ್ನೋ ಇಬ್ರು ಎಕನಾಮಿಕ್ಸ್‌ನವರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಮೆರಿಕದ ಬ್ರೋಕರ್‌ಗಳು ತಮ್ಮ ಸ್ವಂತ ಮನೆ ಮಾರುವಾಗ ಗಿರಾಕಿಗಳ ಮನೆಗಿಂತ ಸುಮಾರು 9.5 ದಿನ ಜಾಸ್ತಿ ಕಾದು, ನೂರಕ್ಕೆ 3.7ರಷ್ಟು ಜಾಸ್ತಿ ಬೆಲೆಗೆ ಮಾರ್ತಾರೆ. ಆದ್ರೆ ನೋಡಿ, ಅವರು ಜಾಸ್ತಿ ಕಾಯೋದು ಹತ್ತು ದಿನ, ಹತ್ತು ತಿಂಗಳಲ್ಲ. ಮತ್ತೆ ಈ ಮೇಡಂ ಬಾಯಿಮಾತಲ್ಲಿ ಹೇಳ್ಲಿಲ್ಲ, ಪಟ್ಟಿ ಕೈಗೆ ಕೊಟ್ಟಿದ್ರು, ನಾವು ಅದರಲ್ಲಿ ಎರಡು ಮನೆ ಬಗ್ಗೆ ವಿಚಾರಿಸಿ ನೋಡಿದ್ವಿ, ಸರಿಯಾಗೇ ಇತ್ತು.

ಬೆಲೆ 91 ಮಾಡಿದ್ವಿ, ಒಂದೇ ಸಲಕ್ಕೆ. ಜಾಹೀರಾತಲ್ಲಿ ಬೆಲೆ ಬದಲಾಯಿಸೋ ಬಟನ್ ಒತ್ತೋವಾಗ ನನಗೆ ಎದೆ ಹಿಂಡಿದ ಹಾಗಾಯ್ತು. ಜೊತೆಗೆ ಮೇಡಂ ಹೇಳಿದ ಕೆಲಸಗಳು. ಎರಡು ರೂಮಿಗೆ ಬಿಳಿ ಬಣ್ಣ, ಎಲ್ಲ ಬಲ್ಬೂ ಹೊಸದು, ಒಂದು ಮಂಚ ಒಂದು ಟೇಬಲ್ ನಾಲ್ಕು ಕುರ್ಚಿ ಬಾಡಿಗೆಗೆ ತಂದು ಹಾಕಿದ್ವಿ, ಬಿಸಿಲು ಬೀಳೋ ಹೊತ್ತಲ್ಲಿ ಹೊಸ ಫೋಟೋ. ಟೆರೇಸ್ ಕೆಳಗೆ ಒಂದು ಕಡೆ ಹಳೇ ಸೋರಿಕೆ ಕಲೆ ಇತ್ತು, ವಾಟರ್‌ಪ್ರೂಫಿಂಗ್ ಆದ್ಮೇಲೆ ಸೋರಿಲ್ಲ, ಮೊದಲು ಅದರ ಮುಂದೆ ಬೀರು ನಿಲ್ಲಿಸಿರ್ತಿದ್ವಿ. ಇವರು "ಬಣ್ಣ ಹೊಡೀರಿ, ಆದ್ರೆ ಬಚ್ಚಿಡ್ಬೇಡಿ, ರಿಪೇರಿ ಬಿಲ್ ತೋರಿಸಿ, ಕೇಳೋ ಮುಂಚೆ ನೀವೇ ಹೇಳಿ" ಅಂದ್ರು. ಒಬ್ಬ ಇಂಜಿನಿಯರ್ ಕರೆಸಿ ಮನೆಯೆಲ್ಲ ತಪಾಸಣೆ ಮಾಡಿಸಿ ರಿಪೋರ್ಟ್ ಬರೆಸಿದ್ವಿ. ಮನೆ ಪತ್ರ, ಸಾಲದ ಬಾಕಿ ಪತ್ರ, ಪ್ಲಾನ್, ತೆರಿಗೆ ರಸೀದಿ, ಬಿಲ್ಲುಗಳು ಎಲ್ಲ ಒಂದು ಫೈಲ್ ಮಾಡಿ ಟೇಬಲ್ ಮೇಲೇ ಇಟ್ವಿ. ಅದಾದ್ಮೇಲೆ "ಇಷ್ಟು ದಿನ ಯಾಕೆ ಹೋಗಿಲ್ಲ" ಅಂತ ಯಾರಾದ್ರೂ ಕೇಳಿದ್ರೆ ನಾನು ನೇರವಾಗಿ "ನಾವು ಬೆಲೆ ಜಾಸ್ತಿ ಇಟ್ಟಿದ್ವಿ, ಈಗ ಸರಿ ಮಾಡಿದ್ದೀವಿ" ಅಂತಿದ್ದೆ. ಆ ಉತ್ತರ ಕೇಳಿದವರ ಮುಖದಲ್ಲಿ ಅನುಮಾನ ಕರಗೋದು ಕಾಣ್ತಿತ್ತು.

ಹನ್ನೊಂದು ಹನ್ನೆರಡನೇ ತಿಂಗಳಲ್ಲಿ 8 ಪಾರ್ಟಿ ಬಂದ್ರು. ಹದಿಮೂರನೇ ತಿಂಗಳು 31ನೇಯವರು. ಒಬ್ಬ ಮೇಷ್ಟ್ರು, ಅವರ ತಾಯಿ, ಪುಟ್ಟ ಮಗ. ಮುಕ್ಕಾಲು ಗಂಟೆ ಇದ್ರು, ಫೈಲ್ ಒಂದೊಂದೇ ಹಾಳೆ ತಿರುವಿ ನೋಡಿದ್ರು. 86 ಅಂದ್ರು. ಹಿಂದಿನ ನಾನಾಗಿದ್ರೆ ಅಲ್ಲೇ ಮುಖ ಗಂಟು ಹಾಕ್ತಿದ್ದೆ. ಈ ಸಲ 86 ಅನ್ನೋದು ಮಾತಿನ ಶುರು ಅಷ್ಟೇ ಅಂತ ತಿಳ್ಕೊಂಡು 90 ಅಂದ್ವಿ, ಅವರು 88 ಅಂದ್ರು. ಅಷ್ಟರಲ್ಲಿ ಮಾತಾಡ್ತಾ ಆಡ್ತಾ ಗೊತ್ತಾಯ್ತು, ಅವರಿಗೆ ದುಡ್ಡಿಗಿಂತ ದಿನ ಮುಖ್ಯ, ಈಗಿರೋ ಬಾಡಿಗೆ ಮನೆ 5 ವಾರದಲ್ಲಿ ಬಿಡ್ಬೇಕು. ನಮ್ಮ ಮನೆ ಹೇಗೂ ಖಾಲಿ. 5 ವಾರದೊಳಗೆ ಬೀಗದಕೈ ಕೊಡ್ತೀವಿ, ಅಡುಗೆಮನೆ ಸ್ಟೌವು, ರೂಮಿನ ಬೀರು ಎರಡೂ ಬಿಟ್ಟು ಹೋಗ್ತೀವಿ ಅಂದ್ವಿ. 89ಕ್ಕೆ ಮುಗೀತು. ಬ್ಯಾಂಕ್ ವ್ಯಾಲ್ಯುವೇಶನ್ ಬರೋ ತನಕ ನಾಲ್ಕು ದಿನ ನನಗೆ ಊಟ ಸೇರ್ಲಿಲ್ಲ, ಈ ಸಲ ಅಡ್ಡಿ ಬರ್ಲಿಲ್ಲ.

94 ಬೇಡ ಅಂದು, 12 ತಿಂಗಳು 0.6ರ ಹಾಗೆ ಕೈಯಿಂದ ಹಾಕಿ, 89ಕ್ಕೆ ಕೊಟ್ಟಿದ್ದು. ಕಳೆದು ನೋಡಿದ್ರೆ ಕೈಗೆ ಸಿಕ್ಕಿದ್ದು 82 ಅಷ್ಟೇ, ಅದರಲ್ಲಿ ಬಣ್ಣ, ಕುರ್ಚಿ ಬಾಡಿಗೆ ಸೇರಿಸೇ ಇಲ್ಲ. ಆ ವಯಸ್ಸಾದ ಬ್ರೋಕರ್ ಅವತ್ತು ಕೂತು ಹೇಳಿದ್ದು 90 ಕೇಳಿ, 88ಕ್ಕೆ ಕೊಡಿ ಅಂತ. ಅವರಿಗೆ ಫೋನ್ ಮಾಡಿ, ನೀವು ಹೇಳಿದ್ದೇ ಸರಿ ಇತ್ತು, ಅವತ್ತು ನಿಮ್ಮ ಹತ್ರ ಸರಿಯಾಗಿ ಮಾತಾಡ್ಲಿಲ್ಲ ಅಂದೆ. "ಎಲ್ಲರಿಗೂ ಹಂಗೇ ಅನ್ಸೋದಮ್ಮಾ, ತಮ್ಮ ಮನೆ ಅಲ್ವಾ" ಅಂದ್ರು ಅವರು.

ರಿಜಿಸ್ಟ್ರೇಶನ್ ದಿನ ಬೆಳಗ್ಗೆ ಅತ್ತೆನೂ ಬರ್ತೀನಿ ಅಂದ್ರು, ಕರ್ಕೊಂಡು ಹೋದ್ವಿ. ಸೈನು, ಬೆರಳಚ್ಚು ಎಲ್ಲ ಒಂದು ಗಂಟೇಲಿ ಮುಗೀತು. ಸಾಲ ತೀರಿಸಿದ ಚೆಕ್ ನೇರ ನಮ್ಮ ಬ್ಯಾಂಕಿಗೆ ಹೋಯ್ತು, ಉಳಿದಿದ್ದು ನಮಗೆ. ಸಾಯಂಕಾಲ ಬೀಗದಕೈ ಕೊಡೋಕೆ ಮನೆಗೆ ಹೋದ್ವಿ. ಮೇಷ್ಟ್ರ ಮಗ ಖಾಲಿ ರೂಮುಗಳಲ್ಲಿ ಓಡಾಡಿ ಕೂಗ್ತಾ ಇದ್ದ, ಅತ್ತೆ ತಾವು ಮಲಗ್ತಿದ್ದ ರೂಮಿನ ಬಾಗಿಲಲ್ಲಿ ನಿಂತು ಅವನನ್ನ ನೋಡ್ತಿದ್ರು. ಮೀಟರ್ ಎಲ್ಲಿದೆ, ನೀರಿನ ವಾಲ್ವ್ ಯಾವ ಕಡೆ ತಿರುಗಿಸ್ಬೇಕು, ಯಾವ ಸ್ವಿಚ್ ಯಾವುದಕ್ಕೆ ಅಂತ ಎಲ್ಲ ಹೇಳಿದೆ. ಮೇಷ್ಟ್ರ ತಾಯಿ ಅಡುಗೆಮನೇಲಿ ಕಿಟಕಿ ಹಾಕೋಕೆ ಹೋಗಿ ಚಿಲಕ ಬೀಳದೆ ಎಳೀತಾ ಇದ್ರು. ನಾನು ಹೋಗಿ ಅವರ ಕೈ ಮೇಲೆ ಕೈ ಇಟ್ಟು, "ಸ್ವಲ್ಪ ಮೇಲಕ್ಕೆ ಎತ್ತಿ ಅಮ್ಮಾ, ಹಾಂ, ಈಗ ತಳ್ಳಿ" ಅಂದೆ. ಬಿತ್ತು.